ಮಂಗಳವಾರದ ಎರಡು ಪುಟ

ಸಂಘದ ಸದಸ್ಯ ಅಲ್ಲ ನಾನು.
ಯಾದಗಿರಿ ಸ್ಟೇಷನ್ ರೋಡಿನಾಗ ಝೆರಾಕ್ಸ್ ಅಂಗಡಿ ಅದ ನಂದು.
ಮಂಗಳವಾರ ರಾತ್ರಿ ಸಭೆ ಮುಗಿಸಿಕೊಂಡು
ಕಾರ್ಯದರ್ಶಿ ವಿಶ್ವಾರಾಧ್ಯ ಸರ್ ಬರ್ತಾರ,
ಡೈರಿ ಹಾಳಿ ಹರಿದು ಕೊಡ್ತಾರ:
ಮುಂಜಾನಿ ಹತ್ತಕ್ಕ ಮುನ್ನೂರು ಪ್ರತಿ,
ಒಂದೇ ಹಾಳಿ, ಎರಡೂ ಕಡಿ,
ಮ್ಯಾಲ ಅಧ್ಯಕ್ಷರ ಫೋಟೊ,
ಹ್ವಾದ ಸಲಕಿಂತ ಒಂದಿಂಚು ದೊಡ್ಡದು.

ಹಂಗಾಗಿ ಊರಿಗಿಂತ ಒಂದು ರಾತ್ರಿ ಮೊದಲು
ಊರಿನ ಒಳ್ಳೇತನ ನನಗ ಗೊತ್ತಾಗ್ತದ.

ಈ ವಾರ ಸಭೆ ನಲವತ್ತು ನಿಮಿಷ ತಡ.
ಕರೆಂಟ್ ಹೋಗಿತ್ತು, ಪ್ರಾರ್ಥನೆ ಮೊಬೈಲ್ ಬೆಳಕಿನಾಗ.
ಹಾಜರಿ ಹತ್ತೊಂಬತ್ತು.
ವರದಿ ಓದುವಾಗ ಫೋನ್ ಕೂಗಿದ್ದಕ್ಕ
ಚಂಪಾಲಾಲ್ ಸೇಠರಿಗೆ ಐವತ್ತು ರೂಪಾಯಿ ದಂಡ.
ಅವರು ಡಬ್ಬಿಗೆ ನೂರು ಹಾಕಿ,
‘ಮುಂದಿನ ವಾರದ್ದೂ ಹಿಡ್ಕೋರಿ’ ಅಂದರಂತ.

ಸೈದಾಪುರದಾಗ ಕಣ್ಣಿನ ಶಿಬಿರ.
ನೋಡಿದ್ದು ನೂರಾ ಹನ್ನೆರಡು, ಆಪರೇಷನ್ನಿಗೆ ಮೂವತ್ತೊಂದು.
ಮೂವತ್ತೆರಡನೆಯಾಕಿ ಬಸ್ಸಿನ ಬಾಗಿಲ ತನಕ ಬಂದು ತಿರುಗಿದ್ಲು:
‘ಒಂದು ಕಣ್ಣಿಗೆ ಕಂಡಿದ್ದೇ ಸಾಕಾಗ್ಯದ ಯಪ್ಪಾ,
ಎರಡನೇದಕ್ಕೂ ಅದೇ ಸೊಸಿ ಅಲ್ಲೇನು ಕಾಣೋದು?’
ಡೈರಿಯಾಗ ಈ ಸಾಲಿನ ಮ್ಯಾಲ ಗೀಟು ಹೊಡದಿತ್ತು.
ಗೀಟಿನ ಕೆಳಗ ಓದೋದು ನನ್ನ ಕಸುಬು.

ಸ್ಟೇಷನ್ ಮುಂದ ಅರವಟ್ಟಿಗಿ, ನಾಕು ಹರವಿ.
ಸರಪಳಿಗೆ ಕಟ್ಟಿದ ಗ್ಲಾಸು ಹೋಗ್ಯಾವ,
ಸರಪಳಿ ಉಳದಾವ.

ಶನಿವಾರ ರಾತ್ರಿ ಒಂದೂವರೆಗೆ ದವಾಖಾನಿಯಿಂದ ಫೋನು,
ಓ ನೆಗೆಟಿವ್ ರಕ್ತ ಬೇಕು, ಬಾಣಂತಿ.
ಪಾನ್ ಡಬ್ಬಿ ಖಾಜಾಹುಸೇನಿ ಉಟ್ಟ ಲುಂಗಿ ಮ್ಯಾಲೇ ಹೋಗಿ
ಕೊಟ್ಟು ಬಂದ. ಆಕಿ ಉಳದ್ಲು.
ಡೈರಿಯಾಗ: ‘ಸಂಘದ ವತಿಯಿಂದ ರಕ್ತದಾನ.’
ನಾ ಅವನ ಹೆಸರು ಸೇರಿಸಿದೆ.
ಪ್ರೂಫ್ ನೋಡತಾ ಸರ್ ಕನ್ನಡಕ ಏರಿಸಿದರು:
ಅವ ಸದಸ್ಯ ಅಲ್ಲಲ್ಲೋ.
ಚಹಾ ಕುಡದು ಮುಗದ ಮ್ಯಾಲ:
ಇರಲಿ ಬಿಡು, ಅಕ್ಷರ ಸಣ್ಣದು ಹಾಕು.

ಆದ್ರ ನಾ ಹೇಳಬೇಕಂತ ಕುಂತದ್ದು ಸಾಬಮ್ಮನ ಮಾತು.

ಆಕಿ ಸೋಮವಾರ ಬಂದಿದ್ಲು,
ಹ್ವಾದ ವಾರದ ಹಾಳಿ ನಾಕು ಮಡಿಕಿ ಮಾಡಿ ಕುಪ್ಪಸದಾಗ ಇಟಗೊಂಡು.
ಫೋಟೊದಾಗ ಒಂದು ಹೊಲಿಗಿ ಮಷಿನ್,
ಅದರ ಸುತ್ತ ಒಂಬತ್ತು ಮಂದಿ, ಹದಿನೆಂಟು ಕೈ;
ಸಾಬಮ್ಮಂದು ಒಂದು ಮೊಣಕೈ.
‘ಇದರಾಗ ನನ್ನ ಹೆಸರು ಎಲ್ಲದ?’
ನಾ ಬೆರಳಿಟ್ಟು ತೋರಿಸಿದೆ: ಫಲಾನುಭವಿ.
‘ಇಷ್ಟುದ್ದ ಇಲ್ಲ ನನ್ನ ಹೆಸರು. ಮೂರೇ ಅಕ್ಷರ.
ಓದಲಿಕ್ಕೆ ಬರಂಗಿಲ್ಲ, ಎಣಸಲಿಕ್ಕೆ ಬರ್ತದ.’
ಹೋಗುವಾಗ ಬಾಗಿಲದಾಗ ನಿಂತು:
‘ಮಷಿನ್ ಕೊಟ್ರಿ, ಅದರ ಬಾಬಿನ್ ಕೇಸ್ ಕೊಟ್ಟಿಲ್ಲ.
ಎಂಟು ದಿನ ಆತು. ಗಾಲಿ ತಿರುಗ್ತದ,
ಹೊಲಿಗಿ ಬೀಳಂಗಿಲ್ಲ.’

ಆಧಾರ್ ಝೆರಾಕ್ಸಿಗೆ ಬಂದ ಸೇಠರ ಕಿವಿಗೆ ಹಾಕಿದೆ.
ಅವರು ಏನೂ ಅನ್ನಲಿಲ್ಲ, ಚಿಲ್ಲರೆ ಎಣಿಸಿಕೊಂಡು ಹೋದರು.
ಮರುದಿನ ನನ್ನ ಕೀಬೋರ್ಡಿನ ಮ್ಯಾಲ
ಹಾಳ್ಯಾಗ ಸುತ್ತಿದ ಒಂದು ಸಣ್ಣ ಕಬ್ಬಿಣ,
ಹೆಬ್ಬೆರಳಿಗಿಂತ ತುಸು ದಪ್ಪ.
ಛಾಪಿಸಬ್ಯಾಡ, ಅಂತ ತುಟಿ ಮ್ಯಾಲ ಬೆರಳಿಟ್ಟರು.

ಛಾಪಿಸಲಿಲ್ಲ.
ಹಿಂದಿನ ಪುಟದ ನೆತ್ತಿಗೆ, ಹುಟ್ಟುಹಬ್ಬದ ಶುಭಾಶಯಕ್ಕಿಂತ ಮ್ಯಾಲ,
ಎರಡು ಸಾಲಿನ ಜಾಗ ಖಾಲಿ ಇತ್ತು. ಅಲ್ಲಿ ಹಾಕಿದೆ:
ತಿದ್ದುಪಡಿ. ಕಳೆದ ವಾರ ಫಲಾನುಭವಿ ಎಂದಿದ್ದಲ್ಲಿ
ಸಾಬಮ್ಮ ಎಂದು ಓದಿಕೊಳ್ಳಿರಿ.
ದಪ್ಪ ಅಕ್ಷರ. ಸರ್ ಪ್ರೂಫ್ ನೋಡಿಕೊಂಡು ಹೋದ ಮ್ಯಾಲ.

ಉಳಿದ ಪ್ರತಿ ಶುಕ್ರವಾರಕ್ಕೆಲ್ಲ ಮಿರ್ಚಿ ಭಜಿ ಬಂಡಿ ಸೇರ್ತಾವ.
ಇದು ಎಲ್ಲರಿಗೂ ಗೊತ್ತು, ಅಧ್ಯಕ್ಷರೊಬ್ಬರಿಗೆ ಬಿಟ್ಟು.
ನಾನೂ ಎರಡು ಕಟ್ಟಿಸಿಕೊಂಡೆ.
ಎಣ್ಣಿ ಕುಡದು ಹಾಳಿ ಗಾಜಿನಂಗ ಆಗಿತ್ತು;
ಟ್ಯೂಬ್‌ಲೈಟಿಗೆ ಹಿಡದರ
ಅಧ್ಯಕ್ಷರ ಹಣಿ ಮ್ಯಾಲ ಹಿಂದಿನ ಪುಟದಿಂದ ಎದ್ದು
ಉಲ್ಟಾ ನಿಂತಿತ್ತು ಮೂರಕ್ಷರ.

ಖಾಜಾನ ಸಣ್ಣಕ್ಷರ ಹುಡುಕಿದೆ.
ಅಲ್ಲಿ ಮೆಣಸಿನಕಾಯಿ ಅಂಟಿತ್ತು.