ಅಕ್ಕಿ ಕಾಳಿನಷ್ಟು

ಭಟ್ಟಿಯ ಬಾಯಿಗೆ ಹೊಟ್ಟು ಸುರಿದರೆ ಉರಿ ಮೊದಲು ಕೆಮ್ಮುತ್ತದೆ,
ಆಮೇಲೆ ಗಂಟಲು ಸರಿಮಾಡಿಕೊಂಡು
ಒಂದೇ ಸಮ ಗುಂಯ್ ಅನ್ನುತ್ತದೆ.
ಆ ಸದ್ದು ಬರುವ ತನಕ ಬಾಣಲೆಗೆ ಅಕ್ಕಿ ಹಾಕಬೇಡ
ಅಂದಿದ್ದರು ಅಬ್ಬಾ. ಆಗ ನನಗೆ ಒಂಬತ್ತು.
ದಾವಣಗೆರೆಯ ನಮ್ಮ ಓಣಿ ತುಂಬ ಮಂಡಕ್ಕಿ ಭಟ್ಟಿ,
ಒಣಹಾಕಿದ ಬಿಳಿ ಅಂಗಿ ಸಂಜೆಗೆ ಬೂದು.

ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್.
ವಿಮಾನ ಹಾರಿಸಿದ್ದೀಯಾ, ಕೇಳುತ್ತಾರೆ ದೋಸೆ ಹೋಟೆಲಿನಲ್ಲಿ.
ಇಲ್ಲ.
ಅದರ ಹೊಟ್ಟೆಯೊಳಗೆ ಮೊಣಕೈ ತನಕ ಕೈ ಇಟ್ಟಿದ್ದೇನೆ,
ಬಿಸಿ ಆರುವ ಮೊದಲೇ.

ಬೆಳಕು ಹರಿಯುವಾಗ ರನ್‌ವೇ ಮೇಲೆ ಸಾಲಾಗಿ
ತಲೆ ತಗ್ಗಿಸಿ ನಡೆಯುತ್ತಿದ್ದೆವು, ಕಾಸು ಕಳಕೊಂಡವರ ಹಾಗೆ.
ಒಂದು ಹರಳು, ತುಕ್ಕು ಮೊಳೆ, ಯಾರದೋ ಅಂಗಿಯ ಗುಂಡಿ.
ಬಗ್ಗಿದಾಗಲೆಲ್ಲ ನೆನಪಾಗುತ್ತಿದ್ದಳು ಮೊರದ ಮುಂದೆ ಅಮ್ಮಿ:
ಒಂದು ಕಲ್ಲು ಸಾಕು,
ಗಿರಾಕಿಯ ಹಲ್ಲೂ ಹೋಯ್ತು, ನಮ್ಮ ಹೆಸರೂ ಹೋಯ್ತು.

ಒಂದು ರಾತ್ರಿ, ನಟ್ಟು ಸಡಿಲಾಗದಂತೆ
ತಂತಿ ಹೆಣೆದು ತುದಿ ಕತ್ತರಿಸಿದೆ.
ಕತ್ತರಿಸಿದ್ದು ಐದು. ಡಬ್ಬಿಯಲ್ಲಿ ನಾಲ್ಕು.
ಅಕ್ಕಿ ಕಾಳಿನಷ್ಟು ತಂತಿ.
ಯಾರೂ ನೋಡಿರಲಿಲ್ಲ. ಬೆಳಿಗ್ಗೆ ಆರಕ್ಕೆ ಹಾರಬೇಕಿತ್ತು.
ನಾಲಿಗೆ ಒಣಗಿತ್ತು, ಆದರೂ ಹೇಳಿದೆ.

ಸಾರ್ಜೆಂಟ್ ಕುಂಜಪ್ಪನ್ ಬೈಯಲಿಲ್ಲ.
ಟಾರ್ಚ್ ತಗೊಂಡು ಬಾ, ಅಂದರು ಅಷ್ಟೆ.
ಕಳಚಿದೆವು. ಜೋಡಿಸಿದ್ದನ್ನೆಲ್ಲ ಮತ್ತೆ ಕಳಚಿದೆವು.
ಆರು ಗಂಟೆ ಬಂತು, ಹೋಯಿತು.
ಪೈಲಟ್ ಹುಡುಗ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು
ಬಾಗಿಲ ಬಳಿ ಕೂತೇ ಇದ್ದ.
ಹನ್ನೊಂದಕ್ಕೆ ಸಿಕ್ಕಿತು,
ನನ್ನದೇ ಬೂಟಿನ ಅಡಿಯ ರಬ್ಬರಿನಲ್ಲಿ ಚುಚ್ಚಿಕೊಂಡು.
ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದೆ.
ಕುಂಜಪ್ಪನ್ ತಮ್ಮ ಚಹಾದಲ್ಲಿ ಅರ್ಧ
ನನ್ನ ಲೋಟಕ್ಕೆ ಬಗ್ಗಿಸಿದರು.

ಆಮೇಲೆ ಪುಸ್ತಕದಲ್ಲಿ ನನ್ನ ಸಹಿ, ಅದರ ಕೆಳಗೆ ಅವನ ಸಹಿ.
ಎರಡು ಗೆರೆಗಳ ನಡುವೆ
ಒಂದು ಇಡೀ ಆಕಾಶ. ಹಾಗನ್ನಿಸಿದ್ದು ಈಗ;
ಆಗ ನಿದ್ದೆ ಬರುತ್ತಿತ್ತು.

ಈಗ ಅಮ್ಮಿಯ ಕಣ್ಣಿಗೆ ಪೊರೆ.
ಅಕ್ಕಿಯನ್ನು ಬೆರಳಲ್ಲೇ ಓದುತ್ತಾಳೆ.
ಭಟ್ಟಿ ತಮ್ಮನದು; ನಾನು ಚೀಲ ಎಣಿಸುತ್ತೇನೆ,
ಎಣಿಸಿದ್ದನ್ನೇ ಎಣಿಸುತ್ತೇನೆ, ಅವನು ರೇಗುತ್ತಾನೆ.

ಮೊನ್ನೆ ಮಧ್ಯಾಹ್ನ ಒಂದು ವಿಮಾನ ಹೋಯಿತು.
ಓಣಿಯೆಲ್ಲ ಕತ್ತೆತ್ತಿತು. ನಾನು ಕಣ್ಣು ಮುಚ್ಚಿದೆ.
ಅಮ್ಮಿಯ ಬೆರಳೂ ನಿಂತವು.
ಸರಿಯಿದೆಯೇನೋ?
ಸರಿಯಿದೆ ಅಮ್ಮಿ.
ಮತ್ತೆ ಮೊರ ತಟ್ಟಿದಳು. ಒಂದು ಕಲ್ಲು ಹೆಕ್ಕಿ
ನನ್ನ ಅಂಗೈಗೆ ಒತ್ತಿದಳು:
ಹಿಡಿ, ಲೆಕ್ಕಕ್ಕೆ ಸೇರಿಸಿಕೋ.