ಸೂಜಿಯಿಲ್ಲದ ಮಿಷನ್ನು

ರಾಯದುರ್ಗದ ಜೀನ್ಸ್ ಗಲ್ಲಿಯಲ್ಲಿ
ಲೆಕ್ಕ ತಪ್ಪುವಷ್ಟು ಕಾಜಾ ಹಾಕಿದ ಕೈ.
ಈಗ ಇದನ್ನು ಎಡಗೈಯಿಂದ ಎತ್ತಿ
ಮಡಿಲಲ್ಲಿಟ್ಟುಕೊಳ್ಳುತ್ತೇನೆ,
ನೆಂಟರ ಕೂಸಿನ ಹಾಗೆ.

‘ಎತ್ತಂಡಿ’ ಅನ್ನುತ್ತಾಳೆ ಫಿಸಿಯೋ ಹುಡುಗಿ ಸುಭಾಷಿಣಿ.
ಎತ್ತು ಅನ್ನೋದು ತೆಲುಗಿನಲ್ಲೂ ಎತ್ತೇ, ನಮ್ಮಲ್ಲೂ ಎತ್ತೇ.
ಕೈಗೆ ಎರಡೂ ಬರುವುದಿಲ್ಲ.

ಈ ಬಟ್ಟಲಿಂದ ಆ ಬಟ್ಟಲಿಗೆ ಹತ್ತು ಶೇಂಗಾ.
ನಾಲ್ಕು ದಾಟಿದವು. ಐದು ಉರುಳಿದವು.
ಒಂದನ್ನು ಗೌರಕ್ಕ ಬಾಯಿಗೆ ಹಾಕಿಕೊಂಡು
‘ಇದೂ ದಾಟಿತು ಅಂತ ಬರಕೋಳಮ್ಮ’ ಅಂದಳು.

ಮೋಟರು ಬಂದಮೇಲೆ ಮೂಲೆ ಸೇರಿದ್ದ
ಕಾಲು ಮಿಷನ್ನು ಎಳೆಸಿಕೊಂಡೆ ನಾನೇ.
ಸೂಜಿ ಬಿಚ್ಚಿಟ್ಟಿದ್ದಾರೆ, ಬೆಲ್ಟು ಇದೆ.
ಹಿಮ್ಮಡಿ. ಬೆರಳು. ಹಿಮ್ಮಡಿ.
ಬೆರಳು
ಬರಲಿಲ್ಲ. ಮತ್ತೆ ಹಿಮ್ಮಡಿ.

ಚಕ್ರ ತಿರುಗಿತು, ಹಿಂದಕ್ಕೆ.

ಹನ್ನೊಂದರ ಹುಡುಗನಾಗಿದ್ದಾಗಲೂ
ಮೊದಲ ದಿನ ಹಿಂದಕ್ಕೇ ತಿರುಗಿಸಿದ್ದೆ;
ತುಕ್ಕೋಜಿ ಮೇಸ್ತ್ರಿ ಗಜಕಡ್ಡಿಯಲ್ಲಿ
ಬಲ ಮೊಣಕಾಲ ಚಿಪ್ಪಿಗೆ ಕೊಟ್ಟಿದ್ದ.
ಐವತ್ತು ವರ್ಷದ ಮೇಲೆ
ಆ ಪೆಟ್ಟು ಇವತ್ತು ಅಲ್ಲೇ ಸುರ್ ಅಂದಿತು.

‘ನೋವಾ?’ ಎಂದಳು ಸುಭಾಷಿಣಿ, ಹರುಕು ಕನ್ನಡದಲ್ಲಿ.
ಹೂಂ ಅಂದೆ, ಲಾಟರಿ ಹೊಡೆದವನಂತೆ.
ಅವಳು ಬರೆದುಕೊಂಡಳು.
ಗೌರಕ್ಕ ಎದ್ದು ಹೋಗಿ
ದಾರದ ಡಬ್ಬಿ ಅಟ್ಟದ ಮೇಲಿಟ್ಟು ಬಂದಳು.