ಬೈಕಲಾ, ಡಿಸೆಂಬರ್ ೬೪ (?)

ಆವರಣದೊಳಗಿನ ಪ್ರಶ್ನೆ ನನ್ನದು, ಪೆನ್ಸಿಲಿನಲ್ಲಿ.
ಮಿಕ್ಕದ್ದು ನೀಲಿ ಶಾಯಿ, ಡಬ್ಬಿಯ ಬೆನ್ನಮೇಲೆ
ಯಾರೋ ಖಚಿತವಾಗಿ ಬರೆದದ್ದು.
ಖಚಿತವಾಗಿ ಬರೆದವರನ್ನೇ ನಾನು ಮೊದಲು ಅನುಮಾನಿಸುವುದು.

ಸಾಲ್ಟ್ ಪ್ಯಾನ್ಸ್: ವಡಾಳೆಯ ಐವರು ಹುಡುಗರು,
ಮೂರು ಗಿಟಾರು, ಒಂದು ಡ್ರಮ್ಮು, ಹಾಡಲಿಕ್ಕೆ ಪಸ್ತಾಕಿಯಾ.
ಒಂದು ಪ್ಲೇಟೂ ಹೊರಬರಲಿಲ್ಲ. ಉಳಿದದ್ದು
ಚೋರ್ ಬಜಾರಿನಲ್ಲಿ, ಹೊಲಿಗೆ ಮಷೀನಿನ ಡ್ರಾಯರಿನೊಳಗೆ ಸಿಕ್ಕ
ನಾಲ್ಕು ಕಳ್ಳ ರೀಲು.

ಕದ್ದವನು ಮೇಜಿನ ಕೆಳಗೆ ಮಷೀನು ಬಚ್ಚಿಟ್ಟಿದ್ದ.
ಹಾಗಾಗಿ ಹಾಡಿಗಿಂತ ಚಮಚ ಹತ್ತಿರ,
ಮೇಜುಬಟ್ಟೆಯ ಸರಬರ ಹತ್ತಿರ.
ಅವನ ಹೆಸರು ಗೊತ್ತಿಲ್ಲ, ಕೆಮ್ಮು ಗೊತ್ತು.
ಮೂರನೇ ರೀಲಿನಲ್ಲಿ ಆ ಕೆಮ್ಮಿಗೆ ಕಫ;
ನೆತ್ತಿಯ ಫ್ಯಾನು ಪೂರ್ತಿ ವೇಗದಲ್ಲಿ ಟಕಟಕ.
ಡಿಸೆಂಬರಿನಲ್ಲಿ ಯಾರು ಹಾಕುತ್ತಾರೆ ಫ್ಯಾನು?
ಮುಂಬಯಿಯಲ್ಲಿ ಹಾಕಿದರೂ ಹಾಕಿಯಾರು. ಸಾಕ್ಷಿ ದುರ್ಬಲ.

ಸೆಲ್ಲು ಸೋತಂತೆ ಮಷೀನು ನಿಧಾನ ತಿರುಗಿದೆ,
ಆದ್ದರಿಂದ ಈಗ ಕೇಳುವಾಗ ಹಾಡಿನಿಂದ ಹಾಡಿಗೆ
ಶ್ರುತಿ ಅರ್ಧ ಮನೆ ಮೇಲೆ,
ಪಸ್ತಾಕಿಯಾನ ಗಂಟಲು ಕೊನೆಗೆ ಶಾಲೆ ಹುಡುಗನದು.
ಇಳಿಸಬೇಕು. ಎಷ್ಟು?
ಆಂಪ್ಲಿಫೈಯರಿನ ಗುಂಯ್ಯನ್ನೇ ಶ್ರುತಿಪೆಟ್ಟಿಗೆ ಮಾಡಿಕೊಂಡೆ:
ಬೈಕಲಾದ ಕರೆಂಟು ಅಂದೂ ಇಂದೂ
ಒಂದೇ ಸ್ವರದಲ್ಲಿ ಗೊಣಗುತ್ತದೆ.

ಎರಡನೇ ಮಗ್ಗುಲು, ಒಂಬತ್ತನೇ ನಿಮಿಷ.
ಭೋಂಗಾ.
ಪುಣೆಯ ವಾಕಣಕರ ತನ್ನ ಪಟ್ಟಿಯಲ್ಲಿ ‘ಗಿರಣಿ’ ಎಂದು ಬರೆದಿದ್ದಾನೆ.
ಗಿರಣಿಯ ಭೋಂಗಾ ನನಗೆ ಹೇಳಿಕೊಡಬೇಡ, ಮಾರಾಯ.
ಲಾಲ್‌ಬಾಗಿನ ಚಾಳಿನಲ್ಲಿ ಅದರ ಕೂಗಿಗೆ
ಅಪ್ಪ ಬುತ್ತಿ ಮುಚ್ಚುತ್ತಿದ್ದ, ಅಮ್ಮ ಬೈಗುಳ ನಿಲ್ಲಿಸುತ್ತಿದ್ದಳು.
ಅದು ನೆಟ್ಟಗೆ ಕೂಗುತ್ತದೆ, ಗೆರೆ ಎಳೆದಂತೆ.
ಇದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ.
ಇದು ಯುದ್ಧ.
ಅರವತ್ತೈದು, ಸೆಪ್ಟೆಂಬರ್.

ಯಾರೋ ಮೇನ್ ಸ್ವಿಚ್ಚು ಎಳೆದರು.
ಗುಂಯ್ ನಿಂತಿತು. ಫ್ಯಾನು ನಿಂತಿತು.
ಗಿಟಾರುಗಳು ಬರೀ ತಂತಿಯಾದವು.
ಡ್ರಮ್ಮಿನವನು ಮಾತ್ರ ನಿಲ್ಲಿಸಲಿಲ್ಲ.
ನಾಲ್ಕು ನಿಮಿಷ ಹತ್ತು ಸೆಕೆಂಡು, ಟೇಪು ಮುಗಿಯುವವರೆಗೆ,
ತನ್ನ ಕೈ ತನಗೆ ಕಾಣದೆ
(ಸೆಲ್ಲಿನ ಮಷೀನಿಗೆ ಬ್ಲಾಕೌಟಿನ ಸುದ್ದಿಯೇ ಇಲ್ಲ).
ಮೊದಲು ಒಬ್ಬಳ ಚಪ್ಪಲಿ, ಆಮೇಲೆ ಎಷ್ಟೋ ಬೂಟು
ಅವನ ಲೆಕ್ಕಕ್ಕೆ ಬಿದ್ದವು.

ಬಾಂದ್ರಾದ ಅಲ್ಸೀನಾ ಫುರ್ಟಾಡೊ, ಎಂಬತ್ತಮೂರು,
ಡ್ರಮ್ಮಿನವನ ತಂಗಿ,
ಹೆಡ್‌ಫೋನು ಹಿಂದುಮುಂದಾಗಿ ಹಾಕಿಕೊಂಡು ಕೇಳಿದರು.
ಅಣ್ಣನ ಫೋಟೋ ಒರೆಸಿ ಮೊದಲೇ ಮೇಜಿನ ಮೇಲಿಟ್ಟಿದ್ದರು.
‘ಲ್ಯಾಂಬರ್ಟ್ ಅಲ್ಲ ಇವನು. ಅವನು ಜುಲೈಯಲ್ಲೇ ಹಡಗು ಹತ್ತಿದ್ದ.
ಅದೂ ಅಲ್ಲದೆ, ಯಾರೂ ನೋಡದಿದ್ದರೆ
ಅವನು ಇಷ್ಟು ಹೊತ್ತು ಬಾರಿಸುವವನಲ್ಲ.’
ಫೋಟೋ ಅಲ್ಲೇ ಇತ್ತು. ನಾವು ಕೇಕು ತಿಂದೆವು.

ಇನ್ನೊಂದು. ಟೇಪು ಮುಗಿಯಲು ಆರು ಸೆಕೆಂಡು ಇರುವಾಗ,
ಮೇಜಿಗೆ ಬಗ್ಗಿದಷ್ಟು ಹತ್ತಿರ, ಒಂದು ಎಳೆ ದನಿ.
ವಾಕಣಕರನ ಪಟ್ಟಿ: ‘ಕೂಗು, ಅಸ್ಪಷ್ಟ.’
ಅಸ್ಪಷ್ಟವೇನೂ ಇಲ್ಲ.
‘ಅಣ್ಣಾ, ಮೇಣದಬತ್ತಿ ಎಲ್ಲುಂಟು?’

ಐದು ಗಂಟೆ ಇಪ್ಪತ್ತು ನಿಮಿಷದ ಇಂಗ್ಲಿಷಿನಲ್ಲಿ
ಇದೊಂದೇ ವಾಕ್ಯ.
ಹದಿಮೂರಿರಬಹುದು. ಹಗಲು ಲೋಟ ತೊಳೆದು
ರಾತ್ರಿಶಾಲೆ ತಪ್ಪಿಸಿ ಬಂದಿದ್ದಿರಬಹುದು.
ಇದನ್ನು ಟೇಪು ಹೇಳುವುದಿಲ್ಲ; ಬರೆದು, ಹೊಡೆದುಹಾಕಿದ್ದೇನೆ.

ನೀಲಿ ಶಾಯಿಯ ಕೆಳಗೆ, ಪೆನ್ಸಿಲಿನಲ್ಲೇ:
ಬೈಕಲಾ, ಸೆಪ್ಟೆಂಬರ್ ೬೫. ತಾರೀಖು ತಿಳಿಯದು.
ಹಾಡು: ಪಸ್ತಾಕಿಯಾ.
ಡ್ರಮ್ಮು: ಖಾಲಿ ಬಿಟ್ಟಿದೆ.
ಮೇಣದಬತ್ತಿ: ನಮ್ಮ ಕಡೆಯ ಹುಡುಗ.